ಮಗಳಿಗೊಂದು ಪತ್ರ: ಧೈರ್ಯ ಹೇಳಬೇಡ, ಕೆಲಸ ಹೇಳು

ಟಿಳಕವಾಡಿ, ಬೆಳಗಾವಿ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಓದಿದೆ. ಈ ವರ್ಷ ಕೆನಡಾದ ಒಟ್ಟಾವಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯ ಮಂದಿಯನ್ನು ನಿಮ್ಮ ಏರಿಯಾದ ರಿಂಕಿಗೆ ಕರೆದುಕೊಂಡು ಹೋಗಿ ಐಸ್ ಸ್ಕೇಟಿಂಗ್ ತೋರಿಸಿಕೊಡುವ ಕೆಲಸ ನಿನ್ನ ತಲೆಗೆ ಬಂದಿದೆ. "ಮೊದಲ ಅರ್ಧ ಗಂಟೆ ಏನು ಹೇಳಲಿ ಅವ್ವಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನಡುವೆಯೇ "ಗೊತ್ತು, ಗೊತ್ತು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನೇನು ಕೋಚ್ ಅಲ್ಲ. ಆದರೆ ನೀನು ಸ್ಕೇಟಿಂಗ್ ಬಿಟ್ಟು ಕಾಲೇಜು ಸೇರಿದ ಮೇಲೂ ನಾನು ಇಲ್ಲಿಯ ರಿಂಕ್ ಬಿಡಲಿಲ್ಲ. ಹೊಸ ಬ್ಯಾಚಿನ ಮಕ್ಕಳಿಗೆ ಲೇಸು ಕಟ್ಟೋದು, ಪ್ಯಾಡ್ ಹಾಕೋದು, ಅಳುವವರ ಮೂಗು ಒರೆಸೋದು ಈಗಲೂ ನನ್ನದೇ. ನಮ್ಮೂರಿಗೆ ಈ ಗಾಲಿ ಬೂಟಿನ ಹುಚ್ಚು ಎಷ್ಟು ಅಂತ ನಿನಗೆ ಗೊತ್ತಲ್ಲ. ಸಾಲಾಗಿ ನಿಲ್ಲಿಸಿದ ಕಾರುಗಳ ಕೆಳಗೆ ನುಸುಳಿ ಹೋಗಿ ಪೇಪರಿನಲ್ಲಿ ಬಂದ ಮಕ್ಕಳ ಊರು ಇದು. ಹೋದ ಚಳಿಗಾಲದಲ್ಲಿ ನೀನು ನನ್ನನ್ನೂ ಐಸಿನ ಮೇಲೆ ನಿಲ್ಲಿಸಿದೆ. ಹಾಗಾಗಿ ಹೊಸಬರ ಕಾಲು ಹೇಗೆ ನಡುಗುತ್ತದೆ ಅನ್ನೋದು ಎರಡೂ ಕಡೆಯಿಂದ ಗೊತ್ತು.

ಮೊದಲ ಮಾತು. "ಹೆದರಬೇಡಿ, ಏನೂ ಆಗಲ್ಲ" ಅಂತ ಯಾರಿಗೂ ಹೇಳಬೇಡ. ಹಾಗೆ ಅಂದ ಕೂಡಲೇ "ಓಹೋ, ಏನೋ ಆಗುತ್ತದೆ" ಅಂತ ಅವರಿಗೆ ಖಾತ್ರಿಯಾಗುತ್ತದೆ. ಮಕ್ಕಳಿಗೆ ಬೀಳುವ ಹೆದರಿಕೆ. ದೊಡ್ಡವರಿಗೆ ಅದಕ್ಕಿಂತ ಜಾಸ್ತಿ ಮಂದಿ ನಕ್ಕಾರು ಅನ್ನುವ ಹೆದರಿಕೆ. ಎರಡಕ್ಕೂ ಮದ್ದು ಒಂದೇ: ಕೈಗೊಂದು ಕೆಲಸ ಕೊಡು. ಲೇಸು ಬಿಗಿಮಾಡಿ, ಮೊಣಕಾಲು ಬಗ್ಗಿಸಿ, ಇಲ್ಲಿಂದ ಆ ಕೆಂಪು ಗೆರೆತನಕ ನಡೆಯಿರಿ. ಕೆಲಸದಲ್ಲಿ ಬಿದ್ದವರಿಗೆ ಹೆದರಲು ಪುರುಸೊತ್ತು ಇರಲ್ಲ.

ಅರ್ಧ ಗಂಟೆಯಲ್ಲಿ ಕಾಲು ಗಂಟೆ ಬೂಟಿಗೇ ಇಡು. ಜಾಸ್ತಿಯಾಯ್ತು ಅನ್ನಿಸಿದರೂ ಇಡು. ನಮ್ಮ ಮಂದಿ ಚಳಿ ಅಂತ ಎರಡೆರಡು ಜೊತೆ ಉಣ್ಣೆ ಸಾಕ್ಸ್ ಹಾಕಿಕೊಂಡು ಬರುತ್ತಾರೆ. ಆಮೇಲೆ ಕಾಲು ಹಿಡಿಸಲ್ಲ ಅಂತ ಒಂದು ಸೈಜು ದೊಡ್ಡ ಬೂಟು ಕೇಳುತ್ತಾರೆ. ಅಲ್ಲಿಗೆ ಮುಗೀತು, ಬೂಟಿನೊಳಗೆ ಕಾಲು ಆಡುತ್ತದೆ, ಹರಡು ಒಳಕ್ಕೆ ವಾಲುತ್ತದೆ. ಒಂದೇ ಜೊತೆ, ತೆಳ್ಳಗಿನ ಉದ್ದ ಸಾಕ್ಸ್ ಸಾಕು. ಕಾಲು ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಲಿ. ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು, ಮಡಚಬಾರದು. ಹಿಮ್ಮಡಿ ಮೇಲೇಳಬಾರದು. ಬಾಡಿಗೆ ಬೂಟಿನ ಮೇಲಿನ ನಂಬರು ನೋಡಿ ಏನೂ ತೀರ್ಮಾನ ಮಾಡಬೇಡ. ಐಸ್ ಹಾಕಿ ಆಡುವ ಬೂಟಿನ ನಂಬರು ನಾವು ದಿನಾ ಹಾಕುವ ಶೂಗಿಂತ ಒಂದು, ಒಂದೂವರೆ ಕಡಿಮೆ ಇರೋದುಂಟು.

ಲೇಸು ಕಟ್ಟೋದನ್ನ ನೀನೇ ಬಗ್ಗಿ ತೋರಿಸು. ಬೆರಳ ಹತ್ತಿರ ಸಡಿಲ, ಪಾದ ಮೇಲಕ್ಕೆ ತಿರುಗುವ ಜಾಗದಲ್ಲಿ ಗಟ್ಟಿ, ತೀರಾ ಮೇಲೆ ಒಂದು ಬೆರಳು ತೂರುವಷ್ಟು ಬಿಡು. ಬೆರಳ ಹತ್ತಿರವೇ ಜಗ್ಗಿ ಕಟ್ಟಿದರೆ ರಕ್ತ ಓಡಲ್ಲ, ಕಾಲು ಮರಗಟ್ಟುತ್ತದೆ. ಆಮೇಲೆ ಪಾಪ ಐಸನ್ನ ಬಯ್ಯುತ್ತಾರೆ. ಉಳಿದ ಲೇಸನ್ನು ಒಳಕ್ಕೆ ಸಿಗಿಸಬೇಕು, ಇಲ್ಲದಿದ್ದರೆ ಬ್ಲೇಡಿಗೆ ಸಿಕ್ಕು ಮುಗ್ಗರಿಸುತ್ತಾರೆ. ದುಪಟ್ಟಾ ಬ್ಯಾಗಿನಲ್ಲಿ ಇರಲಿ. ಹೆಲ್ಮೆಟ್ ಎಲ್ಲರಿಗೂ, ಅಜ್ಜ ಬಂದರೂ ಸರಿ. ಕೈಗೆ ಗ್ಲೌಸು.

ಇನ್ನು ಬೀಳೋದು. ಐಸಿಗೆ ಇಳಿಸುವ ಮೊದಲು ಹೊರಗಿನ ರಬ್ಬರ್ ಚಾಪೆಯ ಮೇಲೆಯೇ ಎಲ್ಲರನ್ನೂ ಬೀಳಿಸು. ತಮಾಷೆಯಲ್ಲ, ಬೇಕಂತಲೇ ಬೀಳಿಸು. ವಾಲುತ್ತಿದ್ದೇನೆ ಅನಿಸಿದ ಕೂಡಲೇ ಮೊಣಕಾಲು ಬಗ್ಗಿಸಿ ಕೆಳಗೆ ಕುಕ್ಕರಿಸಿ, ಒಂದು ಪಕ್ಕದ ಸೊಂಟದ ಮೇಲೆ ಒರಗಬೇಕು. ಕೈ ಚಾಚಿ ಅಂಗೈ ಊರಬಾರದು, ದೊಡ್ಡವರು ಮಣಿಕಟ್ಟು ಮುರಿದುಕೊಳ್ಳೋದು ಅಲ್ಲೇ. ಹಿಂದಕ್ಕೆ ಬೀಳುವಂತಾದರೆ ಗದ್ದ ಎದೆಗೆ ಒತ್ತಬೇಕು. ಬಿದ್ದ ಮೇಲೆ ಕೈ ಮುಷ್ಟಿ ಮಾಡಿಕೊಳ್ಳಲಿ, ಐಸಿನ ಮೇಲೆ ಬೆರಳು ಹರಡಿ ಕೂತರೆ ಪಕ್ಕದಲ್ಲಿ ಹೋಗುವವರ ಬ್ಲೇಡು ನೋಡಿಕೊಂಡು ಹೋಗಲ್ಲ. ಏಳೋದು ಹೀಗೆ: ಅಂಬೆಗಾಲಿಗೆ ಬಂದು, ಒಂದು ಪಾದವನ್ನು ಎರಡು ಕೈಗಳ ನಡುವೆ ಇಟ್ಟು, ಆ ಮೊಣಕಾಲಿನ ಮೇಲೆ ಕೈ ಊರಿ ಎದ್ದೇಳೋದು. ಎಲ್ಲರೂ ಒಟ್ಟಿಗೆ ಬಿದ್ದೆದ್ದ ಮೇಲೆ ಯಾರನ್ನ ನೋಡಿ ಯಾರು ನಗಬೇಕು? ಮಂದಿ ನಕ್ಕಾರು ಅನ್ನೋದು ಅಲ್ಲೇ ಅರ್ಧ ಹೋಗುತ್ತದೆ.

ಒಳಗೆ ಹೋಗುವ ಹೊತ್ತನ್ನೂ ನೋಡಿಕೋ. ನಾನು ಬಂದಾಗ ಐಸು ನುಣುಪು ಮಾಡುವ ಆ ಝಾಂಬೋನಿ ಗಾಡಿ ಸುತ್ತು ಹಾಕಿದ್ದನ್ನ ಗಾಜಿಗೆ ಮೂಗು ಒತ್ತಿ ನೋಡಿದ್ದೆ. ಮುಂದೆ ಹೋದಂತೆ ಗೀರು ಬಿದ್ದ ಮೇಲ್ಪದರವನ್ನು ಕೆತ್ತಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಹಿಂದೆ ಅಗಲ ಬಟ್ಟೆಯಿಂದ ನೀರು ಸವರುತ್ತದೆ. ಆ ನೀರಿನಿಂದ ಹಬೆ ಏಳುತ್ತಿತ್ತು! ಬರ್ಫಕ್ಕೆ ಬಿಸಿ ನೀರಾ ಅಂತ ಕೇಳಿದ್ದಕ್ಕೆ ನೀನೇ ಹೇಳಿದ್ದೆ: ಬಿಸಿ ನೀರು ಮೇಲಿನ ಗೀರನ್ನ ಒಂಚೂರು ಕರಗಿಸಿ ಅದರ ಜೊತೆಗೇ ಹೆಪ್ಪುಗಟ್ಟುತ್ತದೆ, ಅದರಲ್ಲಿ ಗಾಳಿಯೂ ಕಡಿಮೆ, ಅದಕ್ಕೇ ನುಣುಪು. ಫ್ರಾಂಕ್ ಝಾಂಬೋನಿ 1949ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಗಾಡಿ ಮಾಡೋ ತನಕ ಜನ ಕೈಯಲ್ಲೇ ಕೆತ್ತಿ, ತೊಳೆದು, ನೀರು ಹಾಯಿಸುತ್ತಿದ್ದರಂತೆ. ಗಾಡಿ ಹೋದ ಕೂಡಲೇ ಐಸು ಕನ್ನಡಿ. ಅಷ್ಟು ನುಣುಪು ಹೊಸಬರಿಗೆ ಬೇಡ. ಬೇರೆಯವರು ಸ್ವಲ್ಪ ಹೊತ್ತು ಓಡಾಡಲಿ, ಆಮೇಲೆ ನಿನ್ನ ಮಂದಿಯನ್ನು ಇಳಿಸು.

ಇಳಿದ ಮೇಲೆ ಜಾಸ್ತಿ ಪಾಠ ಬೇಡ. ಪಾದದ ತುದಿ ಸ್ವಲ್ಪ ಹೊರಕ್ಕೆ ಮಾಡಿ ಪುಟ್ಟ ಹೆಜ್ಜೆ ಹಾಕಲಿ, ನಾಲ್ಕು ಹೆಜ್ಜೆ ಆದ ಮೇಲೆ ಎರಡೂ ಕಾಲು ಜೋಡಿಸಿ ಸುಮ್ನೆ ನಿಲ್ಲಲಿ. ಐಸು ತಾನೇ ಜಾರಿಸುತ್ತದೆ. ಕೆಳಗೆ ನೋಡಬಾರದು, ಎದುರು ಗೋಡೆ ನೋಡಬೇಕು. ಅಂಚಿನ ಕಟ್ಟೆ ಹಿಡಿಯಲಿ, ಅದರ ಮೇಲೆ ಒರಗೋದು ಬೇಡ. ಮಕ್ಕಳು ತಳ್ಳಿಕೊಂಡು ಹೋಗುವ ಫ್ರೇಮು ಕೊಡು, ಆದರೆ ನಡುನಡುವೆ ಕಸಿದುಕೋ. ಇಲ್ಲದಿದ್ದರೆ ಅದರ ಮೇಲೆ ಬಾಗಿ ಬಾಗಿ ಮೊಣಕಾಲು ಬಗ್ಗಿಸೋದನ್ನೇ ಮರೆಯುತ್ತಾರೆ. ನಿಲ್ಲಿಸೋದಕ್ಕೆ ಎರಡೂ ಹಿಮ್ಮಡಿ ಹೊರಕ್ಕೆ ಒತ್ತಿ, ಪಾದದ ತುದಿ ಒಳಕ್ಕೆ ಮಾಡಿ, ಬ್ಲೇಡಿನಿಂದ ಪುಡಿ ಬರ್ಫ ಕೆರೆಯಬೇಕು. ಸರ್ರ್ ಅಂತ ಸದ್ದು ಕೇಳಿದರೆ ಸರಿಯಾಯ್ತು ಅಂತ ಅರ್ಥ.

ಯಾರಾದರೂ "ಇದೆಲ್ಲ ನಮ್ಮ ದೇಶದ ಆಟ ಅಲ್ಲ ಬಿಡ್ರಿ" ಅಂತ ಬೆಂಚಿನ ಮೇಲೇ ಕೂತರೆ ಶಿಮ್ಲಾದ ಸುದ್ದಿ ಹೇಳು. ಅಲ್ಲಿ 1920ರಿಂದ ಬಯಲಲ್ಲೇ ನೀರು ಹಾಯಿಸಿ, ರಾತ್ರಿ ಚಳಿಗೆ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಸ್ಕೇಟಿಂಗ್ ಮಾಡುತ್ತಾ ಬಂದಿದ್ದಾರೆ. 2024ರಲ್ಲಿ ಲೇಹದಲ್ಲಿ ಖೇಲೋ ಇಂಡಿಯಾದ ಚಳಿಗಾಲದ ಕ್ರೀಡಾಕೂಟದಲ್ಲೂ ಐಸ್ ಸ್ಕೇಟಿಂಗ್ ಇತ್ತು. ಆದರೂ ಬರಲ್ಲ ಅಂದರೆ ಬಿಟ್ಟುಬಿಡು, ಕಾಫಿ ಕೊಡಿಸು. ಎಳೆದುಕೊಂಡು ಹೋಗೋದು ನನಗೆ ಸುತಾರಾಂ ಇಷ್ಟವಿಲ್ಲ.

ಹಾಗೇ, ಮೊದಲ ದಿನವೇ ಯಾರನ್ನೂ ನಿಮ್ಮೂರಿನ ಚಳಿಗೆ ಹೆಪ್ಪುಗಟ್ಟುವ ರಿಡೋ ಕಾಲುವೆಗೆ ಕರೆದುಕೊಂಡು ಹೋಗಬೇಡ. ಉದ್ದ 7.8 ಕಿಲೋಮೀಟರ್, ಇಲ್ಲಿಂದ ಹೆಚ್ಚುಕಡಿಮೆ ಕಾಕತಿ ಮುಟ್ಟಿದಂತೆ. ಬಯಲ ಐಸಿನಲ್ಲಿ ಬಿರುಕು ಇರುತ್ತದೆ, ಹಿಡಿಯೋಕೆ ಕಟ್ಟೆ ಇರಲ್ಲ. 2023ರಲ್ಲಿ ಚಳಿ ಸಾಲದೆ ಅದನ್ನು ತೆರೆಯಲೇ ಇಲ್ಲ ಅಂದಿದ್ದೆ ಅಲ್ವಾ? ತೆರೆದರೆ ನೋಡಲು ಕರೆದುಕೊಂಡು ಹೋಗು, ಜಾರಲು ಮುಂದಿನ ತಿಂಗಳು.

ನಿನಗೆ ಜಾಸ್ತಿ ಕಷ್ಟ ಕೊಡುವವರು ಏನೂ ಬಾರದವರಲ್ಲ. ಇಲ್ಲಿ ಗಾಲಿಯ ಮೇಲೆ ಪಳಗಿದವರು. ಅವರು ಸೀದಾ ನಡುವಿಗೆ ಓಡುತ್ತಾರೆ, ಚೆನ್ನಾಗೇ ಓಡುತ್ತಾರೆ. ತೊಂದರೆ ನಿಲ್ಲುವಾಗ. ಕ್ವಾಡಿನಲ್ಲಿ, ಅಂದರೆ ಮುಂದೆರಡು ಹಿಂದೆರಡು ಗಾಲಿಯ ಬೂಟಿನಲ್ಲಿ, ಕಲಿತವರು ಬೂಟಿನ ಮೂತಿಯ ರಬ್ಬರ್ ಒತ್ತಿ ನಿಲ್ಲಿಸಿ ರೂಢಿ. ಐಸಿನ ಮೇಲೆ ಕುಣಿಯುವವರ ಫಿಗರ್ ಬೂಟಿನಲ್ಲಿ ಆ ಜಾಗದಲ್ಲಿ ಬ್ಲೇಡಿಗೆ ಹಲ್ಲುಗಳಿವೆ. ಓಡುವಾಗ ಅದನ್ನು ಊರಿದರೆ ಮುಖಾಡೆ ಬೀಳೋದೇ. ಇನ್‌ಲೈನಿನವರು, ಅಂದರೆ ಒಂದೇ ಸಾಲಿನ ಗಾಲಿಯ ಬೂಟಿನವರು, ಹಿಮ್ಮಡಿಯ ಬ್ರೇಕ್ ಒತ್ತಲು ಪಾದದ ತುದಿ ಮೇಲೆತ್ತುತ್ತಾರೆ. ಐಸ್ ಬೂಟಿಗೆ ಹಿಂದೆ ಬ್ರೇಕೇ ಇಲ್ಲ, ತಲೆ ಹಿಂದಕ್ಕೆ ಹೋಗುತ್ತದೆ. ಅಂಥವರನ್ನ ಹೊಗಳುವ ಮೊದಲು ಮೂರು ಸಲ ನಿಲ್ಲಿಸಿ ತೋರಿಸು ಅನ್ನು.

ಇದನ್ನ ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ನಮ್ಮ ಹಿಂದಿನ ಮನೆಯ ಹುಡುಗ ಅಲ್ಲಿ ಎಂ.ಎಸ್. ಮಾಡಲು ಹೊರಟಿದ್ದಾನೆ. ನೀನು ನೋಡಿದಾಗ ಸಣ್ಣವನಿದ್ದ. ಈಗ ಇನ್‌ಲೈನಿನಲ್ಲಿ ಮೆಡಲು ತಂದಿದ್ದಾನೆ, "ಐಸ್ ಏನ್ ಮಹಾ ಆಂಟಿ" ಅಂತಾನೆ. ಹುಡುಗ ಒಳ್ಳೆಯವನು, ಬಾಯಿ ಸ್ವಲ್ಪ ಜೋರು. ನಿನ್ನ ಹಳೆಯ ಮೊಣಕೈ ಪ್ಯಾಡ್ ಅವನ ಬ್ಯಾಗಿನಲ್ಲೇ ಇಟ್ಟಿದ್ದೇನೆ, ಯಾರದು ಅಂತ ಹೇಳಿಲ್ಲ. ಹೆಲ್ಮೆಟ್ ಇಲ್ಲದೆ ಅವನನ್ನ ಒಳಗೆ ಬಿಡಬೇಡ. ಅವನ ಅವ್ವನಿಗೆ ನಾನು ಮಾತು ಕೊಟ್ಟಿದ್ದೇನೆ.

ನಿನ್ನ
ಅವ್ವ