ಸಾವಿನ ಮನೆಗೆ ಹೋಗುವ ಪೊಲೀಸರಿಗೆ ಇನ್ನೊಂದು ಡ್ಯೂಟಿ ಹೊರಿಸಬೇಡಿ

ಮಾನ್ಯ ಸಂಪಾದಕರೇ,

ಓದಲಿಕ್ಕೋ ಕೆಲಸಕ್ಕೋ ಬ್ರಿಟನ್ನಿಗೆ ಬಂದ ನಮ್ಮವರು ಅಪಘಾತದಲ್ಲಿ ತೀರಿಕೊಂಡರೆ ಅಥವಾ ಕೊಲೆಯಾದರೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಊರು, ವಯಸ್ಸು, ತಂದೆ-ತಾಯಿ ಹೆಸರು, ಕೊನೆಗೆ ‘ಮೃತದೇಹ ತರಿಸುವ ಪ್ರಯತ್ನ ನಡೆದಿದೆ’ ಎಂಬ ಸಾಲು. ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಮನೆಯವರ ಪಾಡು ಅಲ್ಲಿಂದ ಶುರುವಾಗುತ್ತದೆ. ಇಲ್ಲಿ ಇಂಗ್ಲೆಂಡಿನಲ್ಲಿ ಆ ಮನೆಯವರ ಜೊತೆ ಮಾತಾಡಲೆಂದೇ ಪೊಲೀಸರು ಒಬ್ಬರನ್ನು ನೇಮಿಸುತ್ತಾರೆ. ಫ್ಯಾಮಿಲಿ ಲಿಯೇಸನ್ ಆಫೀಸರ್, ಚಿಕ್ಕದಾಗಿ ಎಫ್‌ಎಲ್‌ಒ ಅನ್ನುತ್ತಾರೆ. ಆ ಕೆಲಸ ಏನು, ಅದನ್ನು ಮಾಡುವವರಿಗೆ ಯಾಕೆ ಬಿಡುವು ಸಿಗುತ್ತಿಲ್ಲ, ಇದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು. ಇಲ್ಲಿ ಮಕ್ಕಳಿರುವ ಮನೆಗಳು ಈಗ ಕರ್ನಾಟಕದ ಯಾವ ಊರಲ್ಲಿ ಹುಡುಕಿದರೂ ಸಿಗುತ್ತವೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಎಫ್‌ಎಲ್‌ಒ ಬರೀ ಸಮಾಧಾನ ಹೇಳಲು ಬರುವವರಲ್ಲ. ಅವರು ತನಿಖೆಯ ತಂಡದವರು. ಕೊಲೆಯಾದರೆ ಸಾಮಾನ್ಯವಾಗಿ ಡಿಟೆಕ್ಟಿವ್ ಒಬ್ಬರು ಬರುತ್ತಾರೆ, ರಸ್ತೆ ಅಪಘಾತವಾದರೆ ಟ್ರಾಫಿಕ್ ವಿಭಾಗದವರು. ಸತ್ತವರು ಯಾರ ಜೊತೆ ಓಡಾಡುತ್ತಿದ್ದರು, ಕೊನೆಯ ಬಾರಿ ಯಾವಾಗ ಫೋನ್ ಮಾಡಿದ್ದರು, ಸಾಲ ಇತ್ತಾ, ಯಾರ ಮೇಲಾದರೂ ಅನುಮಾನ ಇದೆಯಾ, ಎಲ್ಲವನ್ನೂ ಮನೆಯವರಿಂದ ಕೇಳಿ ತಿಳಿಯುತ್ತಾರೆ. ಆಡಿದ ಮಾತು, ಮಾಡಿದ ಫೋನ್, ಕೊಟ್ಟ ಕಾಗದ ಎಲ್ಲ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ‘ಇದು ನಿಮ್ಮೊಳಗೇ ಇರಲಿ ಮೇಡಂ’ ಅಂತ ಹೇಳಿದರೂ ಅವರು ತನಿಖೆಯ ಮುಖ್ಯಸ್ಥರಿಗೆ ಹೇಳಲೇಬೇಕು. ಕೆಲವು ಪ್ರಕರಣಗಳಲ್ಲಿ ಕೊಂದವನು ಮನೆಯೊಳಗೇ ಇರುತ್ತಾನೆ, ಅದನ್ನು ಅವರು ಮರೆಯುವ ಹಾಗಿಲ್ಲ. ಮನೆಯವರಿಗೆ ಇದು ಮೊದಲ ದಿನವೇ ಗೊತ್ತಾಗಬೇಕು. ಒಳ್ಳೆಯ ಎಫ್‌ಎಲ್‌ಒ ಅದನ್ನು ತಾವಾಗಿಯೇ ಹೇಳುತ್ತಾರೆ.

ಅದರ ಜೊತೆಗೆ ಇನ್ನೊಂದು ಕೆಲಸ. ತನಿಖೆ ಎಲ್ಲಿಗೆ ಬಂತು, ಯಾರನ್ನು ಹಿಡಿದರು, ಕೋರ್ಟ್ ಯಾವಾಗ, ದೇಹ ಯಾವಾಗ ಸಿಗುತ್ತದೆ ಎಂದು ಮನೆಯವರಿಗೆ ಹೇಳುವುದು. ಟಿವಿಯಲ್ಲಿ ಬರುವ ಮೊದಲು ಹೇಳುವುದು. ಒಂದು ಉದಾಹರಣೆ ಕೊಡುತ್ತೇನೆ. ಕೊಲೆ ಪ್ರಕರಣದಲ್ಲಿ ಒಂದು ಪೋಸ್ಟ್‌ಮಾರ್ಟಂ ಆದ ಮೇಲೆ ಆರೋಪಿಯ ವಕೀಲರು ಎರಡನೆಯದನ್ನು ಕೇಳಬಹುದು. ಅಲ್ಲಿಯವರೆಗೆ ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ದೇಹವನ್ನು ಬಿಡದೆ ಇರಬಹುದು. ಇತ್ತ ಊರಲ್ಲಿ ಹನ್ನೊಂದನೇ ದಿನ, ತಿಥಿ, ಬಂಧುಗಳ ಪ್ರಶ್ನೆ. ಯಾಕೆ ತಡ ಅಂತ ಯಾರಾದರೂ ಕೂತು ಬಿಡಿಸಿ ಹೇಳದಿದ್ದರೆ ಮನೆಯವರು ಏನೇನೋ ಊಹಿಸಿಕೊಂಡು ಇನ್ನಷ್ಟು ಕುಗ್ಗಿ ಹೋಗುತ್ತಾರೆ.

ಈ ವ್ಯವಸ್ಥೆ ಬ್ರಿಟನ್ನಿನಲ್ಲಿ ಸುಮ್ನೆ ಹುಟ್ಟಲಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಾಗಿ, ಆಮೇಲೆ ತೀರಿಕೊಂಡವರೂ ಸೇರಿ 97 ಜನ ಸತ್ತರು. ಮಕ್ಕಳನ್ನು ಹುಡುಕಿಕೊಂಡು ಬಂದ ಅಪ್ಪ ಅಮ್ಮಂದಿರಿಗೆ ಮೈದಾನದ ಜಿಮ್ನೇಷಿಯಂನಲ್ಲಿ ಸತ್ತವರ ಫೋಟೋಗಳನ್ನು ಸಾಲಾಗಿ ತೋರಿಸಿದರು. ‘ಹೌದು, ಇವನು ನಮ್ಮ ಹುಡುಗ’ ಅಂದ ಮೇಲೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಕೂತರು. ಅವನು ಕುಡಿದಿದ್ದನಾ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕುಟುಂಬಗಳು ಆ ರಾತ್ರಿಯ ಬಗ್ಗೆ ಮಾತಾಡುತ್ತಲೇ ಬಂದವು.

ನಾಲ್ಕು ವರ್ಷದ ನಂತರ, 1993ರ ಏಪ್ರಿಲ್ 22ರಂದು, ಲಂಡನ್ನಿನ ಎಲ್ತಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಬಿಳಿ ಹುಡುಗರ ಗುಂಪೊಂದು ಇರಿದು ಕೊಂದಿತು. ಅವನ ಮನೆಗೂ ಸಂಪರ್ಕಕ್ಕೆಂದು ಪೊಲೀಸರು ಬಂದರು. ಆದರೆ ತನಿಖೆಯ ಸುದ್ದಿ ಹೇಳುವುದಕ್ಕಿಂತ, ಮನೆಗೆ ಬಂದು ಹೋಗುವ ಇವರೆಲ್ಲ ಯಾರು ಎಂಬ ವಿಚಾರಣೆಯೇ ಜಾಸ್ತಿಯಾಗಿತ್ತು ಎಂದು ಅವನ ತಾಯಿ ಡೊರೀನ್ ಹೇಳಿದ್ದಾರೆ. ಜನ ತಮಗೆ ಹೇಳಿದ್ದ ಶಂಕಿತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅವರು ಹಿರಿಯ ಅಧಿಕಾರಿಯೊಬ್ಬರ ಕೈಗೆ ಕೊಟ್ಟರೆ, ಆತ ಅವರ ಎದುರಿಗೇ ಆ ಚೀಟಿಯನ್ನು ಸಣ್ಣದಾಗಿ ಮಡಚುತ್ತಾ ಕೂತಿದ್ದರು. ಇಬ್ಬರಿಗೆ ಶಿಕ್ಷೆಯಾದದ್ದು 2012ರ ಜನವರಿಯಲ್ಲಿ, ಅಂದರೆ ಹದಿನೆಂಟು ವರ್ಷ ಕಳೆದ ಮೇಲೆ.

ಆ ಪ್ರಕರಣದ ವಿಚಾರಣೆ ನಡೆಸಿದ ಸರ್ ವಿಲಿಯಂ ಮ್ಯಾಕ್‌ಫರ್ಸನ್ 1999ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಒಟ್ಟು 70 ಶಿಫಾರಸು. ಅದರಲ್ಲಿ 23ರಿಂದ 28ರವರೆಗಿನವು ಸಂತ್ರಸ್ತರ ಕುಟುಂಬದ ಜೊತೆ ಪೊಲೀಸರು ಹೇಗಿರಬೇಕು ಎಂಬುದರ ಮೇಲೆಯೇ ಇವೆ. ತರಬೇತಾದ ಎಫ್‌ಎಲ್‌ಒಗಳು ಪ್ರತಿ ಪ್ರದೇಶದಲ್ಲೂ ಸಿದ್ಧವಾಗಿರಬೇಕು ಎನ್ನುತ್ತದೆ 23. ನಾನು ಈ ಪತ್ರ ಬರೆಯಲು ಕಾರಣವಾದದ್ದು 25ನೆಯದು. ಎಫ್‌ಎಲ್‌ಒಗಳು, ಸೂಕ್ತವಾದ ಕಡೆ, ಪೂರ್ತಿಯಾಗಿ ಅಲ್ಲದಿದ್ದರೂ ಮುಖ್ಯವಾಗಿ ಆ ಕೆಲಸಕ್ಕೇ ಮೀಸಲಾಗಿರಬೇಕು ಎಂದು ಅಲ್ಲಿದೆ.

‘ಸೂಕ್ತವಾದ ಕಡೆ’ ಎಂಬ ಆ ಸಣ್ಣ ಸಂದಿಯಲ್ಲೇ ಎಲ್ಲ ಸೋರಿಹೋಗಿದೆ. ಎಫ್‌ಎಲ್‌ಒ ಎಂಬುದು ಬಹುಪಾಲು ಕಡೆ ಇವತ್ತಿಗೂ ಬೇರೆ ಹುದ್ದೆಯಲ್ಲ. ಇರುವ ಕೆಲಸದ ಮೇಲೆ ಒಪ್ಪಿಕೊಂಡು ಮಾಡುವ ಕೆಲಸ. ಸ್ವಂತ ಇಚ್ಛೆಯಿಂದ ಮುಂದೆ ಬರುತ್ತಾರೆ, ಸುಮಾರು ಒಂದು ವಾರದ ತರಬೇತಿ ಆಗುತ್ತದೆ, ಹೆಸರು ಪಟ್ಟಿಗೆ ಸೇರುತ್ತದೆ. ಎಲ್ಲೋ ಒಂದು ಸಾವಾದಾಗ ಕರೆ ಬರುತ್ತದೆ. ಹೋಗುತ್ತಾರೆ. ಮೇಜಿನ ಮೇಲಿನ ಮಾಮೂಲಿ ಫೈಲುಗಳು ಮಾತ್ರ ಅಲ್ಲೇ ಇರುತ್ತವೆ.

ಇದು ಮನೆಯವರಿಗೆ ಹೇಗೆ ತಟ್ಟುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಪರಿಚಯದ ಹುಡುಗನೊಬ್ಬ ಇಲ್ಲಿ ರಸ್ತೆ ಅಪಘಾತದಲ್ಲಿ ಹೋದ. ಅಪ್ಪ ಅಮ್ಮ ಊರಲ್ಲಿ. ಎಫ್‌ಎಲ್‌ಒ ಆಗಿ ಬಂದ ಮಹಿಳೆಗೂ ಅವರಿಗೂ ನಡುವೆ ಫೋನಿನಲ್ಲಿ ಮಾತು ದಾಟಿಸಿದವನು ನಾನು. ಆಕೆ ನಿಜಕ್ಕೂ ಒಳ್ಳೆಯವರು. ಹುಡುಗನ ಬಟ್ಟೆ, ವಾಚು, ಪರ್ಸು ವಾಪಸ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದರು. ಬಟ್ಟೆಯನ್ನು ಒಗೆಸಿ ಕೊಡಲಾ, ಇದ್ದ ಹಾಗೇ ಕೊಡಲಾ? ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗೇ ಕೊಡಿ, ಅವನ ವಾಸನೆ ಇರತ್ತೆ’ ಅಂದರು. ಇನ್ನೊಂದು ದಿನ ಅಪ್ಪ ಕೇಳಿದರು, ‘ತುಂಬಾ ಒದ್ದಾಡಿದನಾ, ಇಲ್ಲಾ ಕೂಡಲೇ ಹೋಯ್ತಾ ಜೀವ?’ ಆಕೆ ಬಾಯಿಗೆ ಬಂದ ಸಮಾಧಾನ ಹೇಳಲಿಲ್ಲ. ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದರು. ಕೇಳಿಕೊಂಡು ಬಂದು ಹೇಳಿದರು ಕೂಡ.

ಅಷ್ಟೊಂದು ನಂಬಿಕೆ ಬೆಳೆದ ಮೇಲೆ ಆಕೆ ಮಾಮೂಲಿ ಶಿಫ್ಟಿಗೆ ವಾಪಸ್ ಹೋದರು. ರಾತ್ರಿ ಪಾಳಿ, ಆಮೇಲೆ ರಜೆ, ಆಮೇಲೆ ಇನ್ನೊಂದು ಅಪಘಾತ. ಫೋನ್ ಮಾಡಿದರೆ ವಾಯ್ಸ್‌ಮೇಲ್. ಬದಲಿಗೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಕರೋನರ್ ವಿಚಾರಣೆ ಶುರುವಾದ ವಿಷಯ ಮನೆಯವರಿಗೆ ಗೊತ್ತಾದದ್ದು ಹುಡುಗನ ಸ್ನೇಹಿತರು ಕಳಿಸಿದ ವಾಟ್ಸ್ಯಾಪ್‌ನಿಂದ. ದಿನಾ ಸಂಜೆ ಆ ತಾಯಿಯ ಫೋನ್ ಬರುತ್ತಿತ್ತು. ‘ಆ ಪೊಲೀಸ್ ಮೇಡಂ ಏನಾದ್ರೂ ಹೇಳಿದ್ರಾ?’ ಆ ಅಧಿಕಾರಿಯ ತಪ್ಪು ನನಗೆ ಕಾಣಲಿಲ್ಲ. ಒಬ್ಬರನ್ನು ಎರಡು ಕುರ್ಚಿಯಲ್ಲಿ ಕೂರಿಸಿದವರ ತಪ್ಪು ಅದು.

ಮಂದಿ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. 2010ರ ನಂತರ ಖರ್ಚು ಕಡಿತದ ಹೆಸರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ಬಲ ಸುಮಾರು 20,000 ಕಡಿಮೆಯಾಯಿತು. ಡಿಟೆಕ್ಟಿವ್‌ಗಳ ಕೊರತೆ ರಾಷ್ಟ್ರೀಯ ಬಿಕ್ಕಟ್ಟು ಎಂದು ಪೊಲೀಸ್ ತಪಾಸಣಾ ಸಂಸ್ಥೆಯೇ 2017ರಲ್ಲಿ ಹೇಳಿತು. 2019ರಿಂದ 2023ರ ನಡುವೆ ಮತ್ತೆ 20,000 ಜನರನ್ನು ತೆಗೆದುಕೊಂಡರು, ಸರಿ. ಆದರೆ ಬಂದವರು ಹೊಸಬರು. ಸಾವಿನ ಮನೆಯ ಸೋಫಾದಲ್ಲಿ ಕೂತು ಮಾತಾಡುವುದು ಅನುಭವದಿಂದ ಬರುವ ಕೆಲಸ, ನಿನ್ನೆ ಮೊನ್ನೆ ಸೇರಿದವರ ಹೆಗಲಿಗೆ ಅದನ್ನು ಹಾಕಲಾಗದು.

ಇನ್ನೊಂದು ವಿಷಯವನ್ನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. ಕೇಸ್ ಕೋರ್ಟಿಗೆ ಹೋದರೆ ಎಫ್‌ಎಲ್‌ಒ ಸಾಮಾನ್ಯವಾಗಿ ತೀರ್ಪಿನವರೆಗೂ ಕುಟುಂಬದ ಜೊತೆ ಇರುತ್ತಾರೆ. ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಇಲ್ಲಿನ ಕ್ರೌನ್ ಕೋರ್ಟ್‌ಗಳಲ್ಲಿ ಬಾಕಿ ಕೇಸುಗಳು 2024ರಲ್ಲೇ 70,000 ದಾಟಿದವು. ವಿಚಾರಣೆ ಮುಂದೆ ಹೋದಷ್ಟೂ ಹಳೆಯ ಕುಟುಂಬ ಕೈಬಿಡುವುದಿಲ್ಲ, ಹೊಸ ಸಾವು ಕಾಯುವುದಿಲ್ಲ, ಹಾಗಾಗಿ ಅದೇ ಅಧಿಕಾರಿಯ ಕೈಯಲ್ಲಿ ಕುಟುಂಬಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಕೋರ್ಟಿನ ತಡಕ್ಕೆ ಪೊಲೀಸ್ ಠಾಣೆಯಲ್ಲೂ ಮಂದಿ ಬೇಕು ಅನ್ನುವುದು ಯಾರಿಗಾದರೂ ಹೊಳೆಯಬೇಕಿತ್ತಲ್ವಾ?

ರಸ್ತೆ ಸಾವುಗಳ ಕಡೆ ಗಮನ ಇನ್ನೂ ಕಡಿಮೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ವರ್ಷಕ್ಕೆ ಕೊಲೆಗಳು 500ರಿಂದ 600ರ ಆಸುಪಾಸು. ಸ್ಕಾಟ್ಲೆಂಡ್ ಸೇರಿಸಿದರೆ ರಸ್ತೆಯಲ್ಲಿ ಸಾಯುವವರು 1,600ರ ಆಸುಪಾಸು. ಕೊಲೆಯಾದ ಮನೆಗೆ ಹಲವು ಕಡೆ ಇಬ್ಬರು ಎಫ್‌ಎಲ್‌ಒ ಬರುತ್ತಾರೆ, ಒಬ್ಬರಿಲ್ಲದಾಗ ಇನ್ನೊಬ್ಬರು ಫೋನ್ ಎತ್ತುತ್ತಾರೆ. ಅಪಘಾತದ ಮನೆಗೆ ಒಬ್ಬರು ಬಂದರೆ ಅದೇ ಹೆಚ್ಚು. ಮಗ ಹೋದ ಮನೆಗೆ ಎರಡೂ ಒಂದೇ.

ದೊಡ್ಡ ದುರಂತವಾದರೆ ಪಟ್ಟಿಯಲ್ಲಿರುವವರೆಲ್ಲ ಒಂದೇ ದಿನ ಹೊರಡಬೇಕು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತಾಗ ಎಲ್ಲರ ಗುರುತು ಅಧಿಕೃತವಾಗಿ ಸಿಗುವಷ್ಟರಲ್ಲಿ ನವೆಂಬರ್ ಬಂದಿತ್ತು. ಇಂಥ ಕಡೆ ಎಫ್‌ಎಲ್‌ಒಗಳು ಇಂಟರ್‌ಪೋಲ್‌ನ ಹಳದಿ ಫಾರಂ ಹಿಡಿದು ಮನೆಯವರ ಮುಂದೆ ಕೂರುತ್ತಾರೆ. ಹಲ್ಲು ಕಟ್ಟಿಸಿದ್ದರಾ, ಮೈಮೇಲೆ ಗಾಯದ ಗುರುತಿದೆಯಾ, ಕಿವಿಯಲ್ಲಿ ಏನಿತ್ತು, ಹಲ್ಲುಜ್ಜುವ ಬ್ರಷ್ ಸಿಗುತ್ತದಾ. ಸಿಕ್ಕ ದೇಹದ ವಿವರ ಗುಲಾಬಿ ಫಾರಂಗೆ ಹೋಗುತ್ತದೆ, ಎರಡನ್ನೂ ತಾಳೆ ನೋಡುತ್ತಾರೆ. ಇದನ್ನು ಅರ್ಧ ಮನಸ್ಸಿನಲ್ಲಿ, ಇನ್ನೊಂದು ಕೇಸಿನ ಫೋನ್ ಎತ್ತುತ್ತಾ ಮಾಡಲಿಕ್ಕಾಗುವುದಿಲ್ಲ.

ಇಡೀ ವೃತ್ತಿಜೀವನ ಇದೇ ಕೆಲಸ ಮಾಡಿದರೆ ಅಧಿಕಾರಿ ಕುಸಿದುಹೋಗುತ್ತಾರೆ, ತನಿಖೆಯ ಕೈಚಳಕವೂ ಮರೆತುಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಥವಿದೆ. ದಿನಾ ಬೇರೆಯವರ ಕಣ್ಣೀರಿನ ಮುಂದೆ ಕೂತು ಮನೆಗೆ ಹೋಗಿ ಊಟ ಮಾಡುವುದು ಸುಲಭವಲ್ಲ. ಹಾಗಾಗಿ ನಾನು ಜೀವನಪೂರ್ತಿ ಅದೇ ಹುದ್ದೆ ಕೊಡಿ ಅನ್ನುತ್ತಿಲ್ಲ. ಕುಟುಂಬಕ್ಕೆ ನೇಮಿಸಿದ ಮೊದಲ ವಾರಗಳಲ್ಲಿ ಉಳಿದ ಕೇಸುಗಳನ್ನು ಅವರ ಕೈಯಿಂದ ತೆಗೆದು ಬೇರೆಯವರಿಗೆ ಕೊಡಿ, ಒಬ್ಬರ ಬಳಿ ಇಷ್ಟೇ ಕುಟುಂಬ ಎಂಬ ಮಿತಿ ಇರಲಿ, ಪ್ರತಿ ಮನೆಗೂ ಎರಡನೆಯ ಹೆಸರೊಂದು ಮೊದಲ ದಿನವೇ ಸಿಗಲಿ, ಒಂದು ಪ್ರಕರಣ ಮುಗಿದ ಮೇಲೆ ಅಧಿಕಾರಿಗೆ ಉಸಿರಾಡಲು ಬಿಡುವು ಕೊಡಿ ಅಷ್ಟೇ. ಇದಕ್ಕೆ ಹೆಚ್ಚು ಮಂದಿ ಬೇಕು. ಬೇಕೇ ಬೇಕು.

ಭಾಷೆಯ ವಿಷಯದಲ್ಲೂ ಬಂಧುಗಳ ಮೇಲೆ ಭಾರ ಹಾಕಬಾರದು. ಅಣ್ಣನ ಮಗನೋ ಪಕ್ಕದ ಮನೆಯವರೋ ಮಾತು ದಾಟಿಸುವಾಗ ಕಹಿ ಮಾತನ್ನು ಮೆತ್ತಗೆ ಮಾಡಿಯೇ ಹೇಳುತ್ತಾರೆ. ಮನುಷ್ಯ ಸಹಜ. ಮನೆಯವರಿಗೆ ನಿಜ ಪೂರ್ತಿ ತಲುಪುವುದಿಲ್ಲ, ಪೊಲೀಸರಿಗೆ ಅದು ಗೊತ್ತೂ ಆಗುವುದಿಲ್ಲ. ಬೇರೆ ಸಂಸ್ಕೃತಿಯ ಮನೆಗಳನ್ನು ಅರಿತು ನಡೆಯುವ ತರಬೇತಿ ಇರಲೇಬೇಕು ಅಂತ 24ನೇ ಶಿಫಾರಸು ಹೇಳಿ ಎಷ್ಟು ವರ್ಷವಾಯಿತು! ವೃತ್ತಿಪರ ಅನುವಾದಕರನ್ನು ಪೊಲೀಸರೇ ಕರೆಸಬೇಕು.

ಇಲ್ಲಿ ಮಕ್ಕಳಿರುವ ಓದುಗರೇ, ಅಂಥ ದಿನ ಯಾರಿಗೂ ಬಾರದಿರಲಿ. ಬಂದರೆ, ಎಫ್‌ಎಲ್‌ಒ ಹೆಸರು, ಫೋನ್, ಇಮೇಲ್ ಬರೆದಿಟ್ಟುಕೊಳ್ಳಿ. ಅವರು ರಜೆ ಹೋದಾಗ ಯಾರು ಅಂತ ಅವತ್ತೇ ಕೇಳಿ. ಏನಾದರೂ ಕೇಳಿದ್ದಕ್ಕೆ ಆಗಲ್ಲ ಅಂದರೆ ಅದನ್ನು ಬರೆದಿಡಲು ಹೇಳಿ. ಕುಟುಂಬದ ಬೇಡಿಕೆ ತಿರಸ್ಕರಿಸಿದರೆ ಅದು ದಾಖಲಾಗಿ ಮೇಲಧಿಕಾರಿಗೆ ಹೋಗಬೇಕು ಎಂದು 27ನೇ ಶಿಫಾರಸಿನಲ್ಲೇ ಇದೆ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾದ ನಮಗೆ ಇಲ್ಲಿ ಮತ ಇದೆ. ನಿಮ್ಮ ಎಂಪಿಗೆ ಬರೆಯಿರಿ. ನಮ್ಮಲ್ಲಿ ಮಾಹಿತಿ ಹಕ್ಕು ಇದ್ದ ಹಾಗೆ ಇಲ್ಲಿ 2000ದ ಫ್ರೀಡಂ ಆಫ್ ಇನ್ಫರ್ಮೇಷನ್ ಕಾಯ್ದೆ ಇದೆ. ಒಂದು ಇಮೇಲ್ ಸಾಕು, ಶುಲ್ಕವಿಲ್ಲ, ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ನಾನು ನಮ್ಮ ಪ್ರದೇಶದ ಪೊಲೀಸರಿಗೆ ಕಳಿಸಿರುವ ಪ್ರಶ್ನೆಗಳು ಇವು, ಯಾರು ಬೇಕಾದರೂ ಹಾಗೇ ಬಳಸಿಕೊಳ್ಳಿ: ತರಬೇತಾದ ಎಫ್‌ಎಲ್‌ಒಗಳು ಎಷ್ಟು ಜನ? ಅವರಲ್ಲಿ ಈ ಕೆಲಸಕ್ಕೇ ಮೀಸಲಾದವರು ಎಷ್ಟು? ಒಬ್ಬರ ಬಳಿ ಈಗ ಗರಿಷ್ಠ ಎಷ್ಟು ಕುಟುಂಬಗಳಿವೆ? ಕುಟುಂಬಕ್ಕೆ ನೇಮಿಸಿದಾಗ ಅವರ ಉಳಿದ ಕೇಸುಗಳು ಯಾರಿಗೆ ಹೋಗುತ್ತವೆ?

ಇಂತಿ,
ಇಂಗ್ಲೆಂಡಿನಿಂದ ಒಬ್ಬ ಓದುಗ