ಕಾಲು ಬಾತರೆ ಕಾಯಬಹುದು, ಮುಖ ಬಾತರೆ ಕಾಯಬೇಡ

ಚಿ. ಸೌ. ಪುಟ್ಟಿಗೆ ಅವ್ವನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕಾಲಿನ ಫೋಟೋ ನೋಡಿದೆ. ಸಾಕ್ಸಿನ ಗೆರೆ ಅಚ್ಚೊತ್ತಿದ ಹಾಗೆ ಕೂತಿದೆ, ಹರಡಿನ ಮೂಳೆ ಎಲ್ಲಿದೆ ಅಂತ ಹುಡುಕಬೇಕು. ಫೋನಿನಲ್ಲಿ ಹೇಳಹೋದರೆ ಅರ್ಧ ಕೇಳಿ "ಆಯ್ತವ್ವ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಎಂಟನೇ ತಿಂಗಳಲ್ಲಿ ಕಾಲು ಬಾಯುವುದು ಬಹಳ ಮಂದಿಗೆ ಇದ್ದದ್ದೇ. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗಿರುತ್ತದೆ, ಅದರಲ್ಲೂ ನೀರಿನಂಶವೇ ಹೆಚ್ಚು. ಇತ್ತ ಬೆಳೆದ ಗರ್ಭಕೋಶ, ಕಾಲಿನಿಂದ ಎದೆಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಒತ್ತುತ್ತದೆ. ರಕ್ತ ಮೇಲೆ ಹತ್ತುವುದು ನಿಧಾನವಾಗಿ, ನೀರು ಒಸರಿ ಪಾದದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಕಡಿಮೆ ಇದ್ದು ಸಂಜೆಗೆ ಏರುವುದು, ಎರಡೂ ಕಾಲಿಗೆ ಒಂದೇ ಸಮ ಬರುವುದು, ಬಿಸಿಲು ಹೆಚ್ಚಾದ ದಿನ ಜೋರಾಗುವುದು, ಇವು ಈ ಬಾವಿನ ಲಕ್ಷಣ. ನಿನ್ನದೂ ಸದ್ಯಕ್ಕೆ ಹಾಗೇ ಕಾಣುತ್ತದೆ.

ಮಲಗುವಾಗ ಎಡಮಗ್ಗುಲಾಗು. ಆ ದೊಡ್ಡ ನಾಳ ಬೆನ್ನುಮೂಳೆಯ ಬಲಗಡೆಗೆ ಇರುವುದರಿಂದ ಎಡಕ್ಕೆ ಹೊರಳಿದರೆ ಅದರ ಮೇಲಿನ ಭಾರ ಇಳಿಯುತ್ತದೆ. ಆಫೀಸಿನಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೂರಬೇಡ, ಮೇಜಿನ ಕೆಳಗೆ ಒಂದು ಸ್ಟೂಲ್ ಇಟ್ಟುಕೋ. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸು. ಮೀನಖಂಡ ಬಿಗಿದಾಗ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಡಾಕ್ಟರು ಕಾಲನ್ನು ಬಿಗಿಯಾಗಿ ಹಿಡಿಯುವ ಒತ್ತುಸಾಕ್ಸ್ ಬರೆದುಕೊಟ್ಟರೆ ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಏರಿಸಿಕೋ, ಬಾತ ಮೇಲೆ ಅದು ಹತ್ತುವುದೇ ಇಲ್ಲ.

ನಿನ್ನ ಅತ್ತೆಯವರು ನೀರು ಕಮ್ಮಿ ಕುಡಿ, ಉಪ್ಪು ಬಿಡು ಅಂದರಂತೆ. ಎದುರು ಮಾತಾಡಬೇಡ, "ಹೂಂ ಅತ್ತೆ" ಅಂದು ನೀರು ಕುಡಿ. ನೀರು ಬಿಟ್ಟರೆ ಬಾವು ಇಳಿಯುವುದಿಲ್ಲ, ಉರಿಮೂತ್ರ ಶುರುವಾಗುತ್ತದೆ ಅಷ್ಟೇ. ಸಾರಿಗೆ ಹಾಕುವಷ್ಟು ಉಪ್ಪು ಬೇಕೇ ಬೇಕು. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಮಾತ್ರ ಕಮ್ಮಿ ಮಾಡು. ಜವೆಗೋಧಿ ಗಂಜಿ ರುಚಿ ಅನಿಸಿದರೆ ಕುಡಿ, ಬಾವು ಇಳಿಸುತ್ತದೆ ಅಂತ ನಂಬಿ ಕುಡಿಯಬೇಡ. ಯಾರಾದರೂ ಕೊಮ್ಮೆ ಬೇರಿನ ಕಷಾಯ ತಂದುಕೊಟ್ಟರೆ ಬೇಡ ಅನ್ನು. ನೀರಿಳಿಸುವ ಮಾತ್ರೆಯನ್ನೂ ಮೆಡಿಕಲ್ ಶಾಪಿನಿಂದ ನೀನಾಗಿಯೇ ತರಿಸಬೇಡ.

ಈಗ ಕೈ ವಿಷಯ. ಉಂಗುರ ಇವತ್ತೇ ತೆಗೆದಿಡು. ಕಾಲುಂಗುರವನ್ನೂ. ಮುತ್ತೈದೆ ಕಾಲುಂಗುರ ತೆಗೆಯಬಾರದು ಅನ್ನುವವರು ಇರುತ್ತಾರೆ, ಇರಲಿ. ಬೆರಳು ನೀಲಿಗಟ್ಟಿ ಕೊನೆಗೆ ಅಕ್ಕಸಾಲಿಗರ ಹತ್ತಿರ ಹೋಗಿ ಉಂಗುರ ಕತ್ತರಿಸಿಕೊಂಡವರನ್ನು ನೋಡಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ, ಬಾವು ಕಡಿಮೆ ಇರುವಾಗ, ಕೈಯನ್ನು ಸ್ವಲ್ಪ ಹೊತ್ತು ತಲೆಗಿಂತ ಮೇಲೆ ಎತ್ತಿ ಹಿಡಿ, ಆಮೇಲೆ ಕೊಬ್ಬರಿ ಎಣ್ಣೆ ಸವರಿ ತಿರುಗಿಸುತ್ತ ಜಾರಿಸು. ಎಳೆಯಬೇಡ, ಎಳೆದಷ್ಟೂ ಗಿಣ್ಣು ಬಾಯುತ್ತದೆ. ಕುಬಸದಲ್ಲಿ ತೊಡಿಸಿದ ಹಸಿರು ಬಳೆ ಮಣಿಕಟ್ಟಿಗೆ ಬಿಗಿಯಾಗಿದ್ದರೆ ಒಂದೆರಡು ತೆಗೆಸು. ಎಲ್ಲವನ್ನೂ ತೆಗೆಯುವುದು ನನಗೂ ಇಷ್ಟವಿಲ್ಲ, ಇದ್ದದ್ದನ್ನು ಹೇಳಿದೆ.

ನಡುರಾತ್ರಿ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜುಮ್ಮೆಂದು ಎಚ್ಚರವಾಗುತ್ತದೆ ಅಂದಿದ್ದೆ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾದುಹೋಗುವ ನರವನ್ನು ಅದೇ ನೀರು ಒತ್ತುವುದರಿಂದ ಹಾಗೆ. ಕೈ ಮಡಚಿ ತಲೆಯ ಕೆಳಗಿಟ್ಟು ಮಲಗುವ ನಿನ್ನ ಚಿಕ್ಕಂದಿನ ಚಾಳಿ ಬಿಡು. ಮಣಿಕಟ್ಟು ನೆಟ್ಟಗಿರುವ ಹಾಗೆ ಹಿಡಿಯುವ ಪಟ್ಟಿ ಸಿಗುತ್ತದೆ, ರಾತ್ರಿ ಕಟ್ಟಿಕೋ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದು. ಉಪಕೇಂದ್ರದಲ್ಲಿ ಸಿಸ್ಟರ್ ಆಗಿದ್ದಷ್ಟು ಕಾಲವೂ "ಎಲ್ಲರಿಗೂ ಬರ್ತದೆ ಬಿಡ್ರಿ" ಅನ್ನುವ ಮಾತಿಗೆ ನಾನು ಹೆದರುತ್ತಿದ್ದೆ. ಬಸುರಿಯಲ್ಲಿ ಬಿ.ಪಿ. ಏರಿ, ಬಹಳ ಸಲ ಮೂತ್ರದಲ್ಲಿ ಪ್ರೋಟೀನೂ ಹೋಗುವ ಅಪಾಯದ ಕಾಯಿಲೆ ಒಂದಿದೆ, ಪ್ರಿಎಕ್ಲಾಂಪ್ಸಿಯಾ ಅಂತ. ಅದಕ್ಕೇ ಬಾವು ನೋಡಿದರೆ ಸಾಲದು, ಬಿ.ಪಿ. ನೋಡಬೇಕು, ಮೂತ್ರ ನೋಡಬೇಕು. ಈಗ ಪಟ್ಟಿ ಅದ್ದಿದರೆ ಬಣ್ಣ ಬದಲಾಗುತ್ತದೆ. ಆಗ ಗಾಜಿನ ನಳಿಕೆಯಲ್ಲಿ ಮೂತ್ರ ತುಂಬಿ, ಓರೆಯಾಗಿ ಹಿಡಿದು, ಮೇಲಿನ ಭಾಗವನ್ನಷ್ಟೇ ಸ್ಪಿರಿಟ್ ದೀಪಕ್ಕೆ ಕಾಯಿಸುತ್ತಿದ್ದೆವು. ಮೇಲೆ ಬೆಳ್ಳಗೆ ಮೋಡ ಕಟ್ಟಿದರೆ ಒಂದೆರಡು ಹನಿ ಆಮ್ಲ ಹಾಕಬೇಕು. ಆಗಲೂ ಮೋಡ ಕರಗದಿದ್ದರೆ ಪ್ರೋಟೀನ್ ಹೋಗುತ್ತಿದೆ ಅಂತ ಅರ್ಥ. ಕಾಲು ಸಣ್ಣಗೇ ಇದ್ದ ಹುಡುಗಿಯರಲ್ಲೂ ಆ ಮೋಡ ಕಂಡಿದ್ದೇನೆ, ಆನೆಕಾಲಿನಂತೆ ಬಾತವರಲ್ಲಿ ನಳಿಕೆ ತಿಳಿಯಾಗಿದ್ದದ್ದನ್ನೂ ಕಂಡಿದ್ದೇನೆ. ಹಾಗಾಗಿ ಫೋಟೋ ನೋಡಿ ನಾನು ಏನೇ ಹೇಳಿದರೂ ಅದು ಪೂರ್ತಿ ಉತ್ತರವಲ್ಲ.

20 ವಾರ ಕಳೆದ ಮೇಲೆ ಬಿ.ಪಿ.ಯ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ಮೇಲಿನದು 160 ಅಥವಾ ಕೆಳಗಿನದು 110 ಆದರೆ ಫೋನು ಗೀನು ಬೇಡ, ನೇರ ಆಸ್ಪತ್ರೆಗೆ, ಗಾಡಿ ಇಲ್ಲದಿದ್ದರೆ 108ಕ್ಕೆ. ಮನೆಯಲ್ಲಿ ಮಷಿನ್ ಇದೆಯಲ್ಲ, ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿಕೋ. ಕಾಲ ಮೇಲೆ ಕಾಲು ಹಾಕಿಕೊಂಡರೆ ಅಂಕಿ ಸುಳ್ಳು ಹೇಳುತ್ತದೆ.

ಬೆಳಗಾಗುವಷ್ಟರಲ್ಲಿ ಮುಖ, ರೆಪ್ಪೆ, ಕೈ ಒಮ್ಮೆಲೇ ಬಾತಿದ್ದರೆ, ಮಾತ್ರೆಗೂ ಬಗ್ಗದ ತಲೆನೋವು ಬಂದರೆ, ಕಣ್ಣು ಮಂಜಾದರೆ ಅಥವಾ ಮಿಂಚು ಕಂಡರೆ, ಬಲ ಪಕ್ಕೆಯ ಕೆಳಗೆ ನೋವು ಹಿಡಿದು ವಾಂತಿಯಾದರೆ, ಉಸಿರು ಕಟ್ಟಿದ ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡ. ಬಲಪಕ್ಕೆ ನೋವನ್ನು ಗ್ಯಾಸ್ ಅಂತ ಜೀರಿಗೆ ನೀರು ಕುಡಿದು ಮಲಗುವವರೇ ಹೆಚ್ಚು. ಒಂದೇ ಕಾಲು ಬಾತು, ಮೀನಖಂಡ ನೋಯುತ್ತ ಕೆಂಪಾಗಿ ಬಿಸಿಯಾದರೆ ಅದು ಬೇರೆಯೇ ಕಥೆ, ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲು ತಿಕ್ಕಿಸಿಕೊಳ್ಳದೆ ಆಸ್ಪತ್ರೆಗೆ ಹೊರಡು. ಮಗುವಿನ ಒದೆತ ಕಡಿಮೆ ಅನಿಸಿದರೂ ಅಷ್ಟೇ.

ಹೆರಿಗೆಯಾದ ಮೊದಲ ದಿನಗಳಲ್ಲಿ, ಡ್ರಿಪ್ ಹಾಕಿದ್ದರಂತೂ, ಬಾವು ಇನ್ನಷ್ಟು ಏರಿದರೆ ಗಾಬರಿಯಾಗಬೇಡ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಬಿ.ಪಿ.ಯ ಈ ತೊಂದರೆ ಹೆರಿಗೆಯ ನಂತರ 6 ವಾರದವರೆಗೂ ಬರಬಹುದು. ಬಾಣಂತಿಗೆ ತಲೆನೋವು ಅಂದರೆ "ಗಾಳಿ ಬಡಿದಿದೆ, ಕಿವಿ ಮುಚ್ಚಿ ಬಟ್ಟೆ ಕಟ್ಟು" ಅನ್ನುವ ಮನೆ ನಮ್ಮದು. ಬಟ್ಟೆ ಕಟ್ಟೋಣ, ಬಿ.ಪಿ.ಯನ್ನೂ ನೋಡೋಣ.

ತವರಿಗೆ ಯಾವಾಗ ಹೊರಡಬಹುದು ಅಂತ ಡಾಕ್ಟರನ್ನು ಕೇಳಿಯೇ ಟಿಕೆಟ್ ಮಾಡಿಸು. ಬಸ್ಸು ಬೇಡ, ಹಗಲು ರೈಲಿಗೆ ಬಾ, ದಾರಿ ಪಕ್ಕದ ಸೀಟು ಹಿಡಿ, ನಡುನಡುವೆ ಎದ್ದು ಓಡಾಡು. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟುಗಳನ್ನು ದೊಡ್ಡ ಬ್ಯಾಗಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೋ. ಅಪ್ಪ ರಾಣೆಬೆನ್ನೂರು ಸ್ಟೇಷನ್ನಿಗೆ ಬರುತ್ತಾರೆ. ಇವತ್ತು ಸಂಜೆ ಬಿ.ಪಿ. ನೋಡಿ ಎರಡೂ ಅಂಕಿ ಕಳಿಸು.

ಇಂತಿ ನಿನ್ನ ಅವ್ವ