ಈ ವಾರ: ಒಂದು ನೆನಪು, ಒಂದು ಆಸೆ

ಎಲ್ಲರಿಗೂ ನಮಸ್ಕಾರ. ಮರೆಯಲಾಗದ ಒಂದು ಪ್ರವಾಸದ ಬಗ್ಗೆ ಭಾನುವಾರ ರಾತ್ರಿಯೊಳಗೆ ನಾಲ್ಕು ಸಾಲು ಬರೆಯಿರಿ. ಜೊತೆಗೆ, ಮುಂದೆ ನೋಡಲೇಬೇಕು ಅನ್ನೋ ಒಂದು ಜಾಗ. ವಾಯ್ಸ್ ಮೆಸೇಜ್ ಕೂಡ ಆದೀತು. ಫಾರ್ವರ್ಡ್ ಫೋಟೊ ಮಾತ್ರ ಬೇಡ. ಸ್ವಿಟ್ಜರ್ಲೆಂಡಿನ ಹಿಮ ಎಲ್ಲರ ಫೋನಿನಲ್ಲೂ ಆಗಲೇ ಬೇಕಾದಷ್ಟು ಬಿದ್ದಿದೆ!

ಮೊದಲು ನನ್ನದು. ನೆನಪು ಬಾದಾಮಿಯದು. ಮೂರನೇ ಗುಹೆಯಲ್ಲಿ ಶೇಷನ ಮೇಲೆ ಕೂತ ವಿಷ್ಣುವಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕ್ರಿ.ಶ. 578ರ ಶಾಸನವೂ ಅಲ್ಲೇ ಇದೆ. ಕೆಂಪು ಬಂಡೆ, ಕೆಳಗೆ ಅಗಸ್ತ್ಯ ತೀರ್ಥ. ಕೋತಿಗಳ ಕಾಟ ಮಾತ್ರ ಜಾಸ್ತಿ.

ಆಸೆ ಕಾಂಬೋಡಿಯದ ಅಂಗ್ಕೋರ್ ವಾಟ್. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ್ದು. ಅದೂ ಮೊದಲಿಗೆ ವಿಷ್ಣುವಿನ ಗುಡಿಯೇ. ಮುಖ ಪಶ್ಚಿಮಕ್ಕಿದೆ, ಹಾಗಾಗಿ ಎದುರು ನಿಂತರೆ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ. ಗೋಡೆಯ ಮೇಲಿನ ಸಮುದ್ರಮಥನವನ್ನು ನಿಧಾನವಾಗಿ ನೋಡಬೇಕು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಅಲ್ಲಿ ಮಳೆ ಕಡಿಮೆ.

ಪಾಸ್‌ಪೋರ್ಟ್ ಇಲ್ಲ ಅಂತ ಸುಮ್ನೆ ಕೂರಬೇಡಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಹೋಗಿಬಂದವರು ಖರ್ಚಿನ ಲೆಕ್ಕವನ್ನೂ ಹಾಕಿ. ಎಲ್ಲರೂ ಮೊದಲು ಕೇಳುವುದು ಅದನ್ನೇ ಅಲ್ವಾ?